ಹೈಕೋರ್ಟಿನ ಮುಂದೆ ಒಂದು ಗ್ಲಾಸು ಚಹಾ

ಶಾಂತಕುಮಾರ ವಕೀಲರು ಆ ದಿನ ಕಲಬುರಗಿಯಲ್ಲಿ ಇರಬೇಕಿತ್ತು. ಆದರೆ ಇದ್ದದ್ದು ಸುರಪುರದಲ್ಲಿ, ಒಂದು ಶಾಲಿನ ಆಸೆಗೆ.

ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಮೇಲ್ಮನವಿಗಳನ್ನೇ ನಡೆಸಿ ತಲೆ ಬೆಳ್ಳಗಾದ ಹಿರಿಯ ವಕೀಲರು ಅವರು. ಮನೆ ಯಾದಗಿರಿಯಲ್ಲಿ. ಬಾವಿ, ಸ್ಮಶಾನದ ದಾರಿ, ಗುಡಿಯ ಬಾಗಿಲು, ಕ್ಷೌರದ ಕುರ್ಚಿ, ಈ ಸೀಮೆಯಲ್ಲಿ ಯಾರಿಗೆ ಯಾವುದನ್ನು ಇಲ್ಲವೆಂದರೂ ಆ ಕೇಸು ಕೊನೆಗೆ ಇವರ ಮೇಜಿಗೇ ಬರುತ್ತಿತ್ತು. ಇಂಥವರಿಗೆ ಒಂದು ಸನ್ಮಾನ ಮಾಡದಿದ್ದರೆ ಹೇಗೆ ಎಂದು ಸುರಪುರದ ವಕೀಲ ಮಿತ್ರರಿಗೆ ಅನಿಸಿತು. ಶಾಂತಕುಮಾರರಿಗೂ ಬಹಳ ವರ್ಷಗಳಿಂದ ಹಾಗೇ ಅನಿಸುತ್ತಿತ್ತು. ಹಿಂದಿನ ಸಂಜೆ ಶಾಲು ಬಿತ್ತು, ಪೇಟ ಏರಿತು, ಹಣ್ಣಿನ ಬುಟ್ಟಿ ಕೈಗೆ ಬಂತು. ಭಾಷಣಗಳು ಮುಗಿಯಲಿಲ್ಲವಾಗಿ ಅಲ್ಲೇ ಉಳಿದರು.

ಬೆಳಿಗ್ಗೆ ಮಂಡಕ್ಕಿ ಸುಸಲದ ತಟ್ಟೆಗೆ ಕೈ ಹಾಕಿದ್ದರಷ್ಟೆ, ಕಲಬುರಗಿಯಿಂದ ಜೂನಿಯರ್ ರಾಧಿಕಾಳ ಫೋನು.

"ಸರ್, ಮರಿಲಿಂಗಮ್ಮನ ಕೇಸು ಇವತ್ತಿನ ಪಟ್ಟಿಗೆ ಬಂದದ್ರಿ! ಮುಂದಿನ ವಾರ ಅಂದಿದ್ರಲ್ಲ, ಹಿಂದಿನವೆಲ್ಲ ಮುಂದಕ್ಕ ಹೋಗಿ ನಮ್ದು ಮ್ಯಾಲೆ ಬಂದದ. ಊಟದ ಹೊತ್ತಿನೊಳಗ ಕರೀತಾರ್ರಿ."

ಶಾಂತಕುಮಾರರ ಬಾಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು.

"ನಾನೇ ವಾದ ಮಾಡಲೇನ್ರಿ ಸರ್? ಎಲ್ಲಾ ಓದಿಕೊಂಡೇನ್ರಿ."

"ಏ, ನೀ ಸುಮ್ನ ಕುಂಡ್ರವಾ. ನಾ ವಿಡಿಯೋದಾಗ ಬರ್ತೀನಿ ಅಂತ ಕೋರ್ಟಿಗೆ ತಿಳಿಸು," ಎಂದು ಎದ್ದೇಬಿಟ್ಟರು. ಇಂಥ ಕೇಸುಗಳಲ್ಲೇ ಮೂವತ್ತು ವರ್ಷ ಕಳೆದವರು. ಇದನ್ನು ನಿನ್ನೆ ಮೊನ್ನೆ ಕೋಟು ಹೊಲಿಸಿದ ಹುಡುಗಿಯ ಕೈಗೆ ಕೊಡುವುದುಂಟೇ?

ಕೇಸು ಇಷ್ಟೇ. ಶಹಾಪುರ ಮತ್ತು ಸುರಪುರದ ನಡುವೆ ಒಂದು ಊರು. ಹೆಸರು ಹೇಳುವುದಿಲ್ಲ, ಹೇಳಿದರೆ ಅದಕ್ಕೂ ಒಂದು ಕೇಸು ಬಿದ್ದೀತು. ಅಲ್ಲಿನ ಬಸ್‌ಸ್ಟಾಂಡಿನ ಎದುರು ಪಂಚಾಯಿತಿಯ ಮಳಿಗೆ. ಆ ಮಳಿಗೆಯಲ್ಲಿ ಸಂಗಮನಾಥನ ಹೋಟೆಲು. ಊರ ಹಿರಿಯರು ಒಳಗೆ ಬೆಂಚಿನ ಮೇಲೆ ಕೂತು ಗಾಜಿನ ಗ್ಲಾಸಿನಲ್ಲಿ ಚಹಾ ಕುಡಿಯುವರು. ಕೆಳಗಿನ ಕೇರಿಯವರಿಗೆ ಪೇಪರ್ ಕಪ್ಪು, ಹೊರಗೆ ಬೇವಿನ ಗಿಡದ ಬುಡ. ಆರು ವರ್ಷದ ಹಿಂದೆ ಕೂಲಿ ಮುಗಿಸಿ ಬಂದ ಮರಿಲಿಂಗಮ್ಮ, "ನನಗೂ ಗ್ಲಾಸಿನಾಗ ಕೊಡು, ಒಳಗ ಕುಂತು ಕುಡೀತೀನಿ" ಅಂದಳು. ಸಂಗಮನಾಥ ಪೇಪರ್ ಕಪ್ಪು ಮುಂದೆ ಮಾಡಿದ. ಮರಿಲಿಂಗಮ್ಮ ನೋಟು ಎತ್ತಿ ತೋರಿಸಿ, "ಇದೂ ಪೇಪರ್‌ದೇ ಅದಲ್ಲೋ, ಇದನ್ನ ಹ್ಯಾಂಗ ಒಳಗ ತಗೊಂತಿ?" ಎಂದು ಕೇಳಿದಳು. ಅವನು ಕಪ್ಪನ್ನೇ ಇನ್ನಷ್ಟು ಮುಂದೆ ತಳ್ಳಿದ. ಆಕೆ ಕೋರ್ಟಿಗೆ ಹೋದಳು.

ಭೇದ ಮಾಡುವವನಿಗೆ ಸರ್ಕಾರಿ ಮಳಿಗೆ ಕೊಡಬಾರದು ಎಂಬುದು ಅವಳ ಅರ್ಜಿ. ಮೊದಲು ಒಬ್ಬ ನ್ಯಾಯಮೂರ್ತಿಗಳ ಮುಂದೆ ಪುರಾವೆ ಸಾಲದೆಂದು ಬಿದ್ದುಹೋಯಿತು. ಈಗ ಇಬ್ಬರು ನ್ಯಾಯಮೂರ್ತಿಗಳ ಮುಂದೆ ಮೇಲ್ಮನವಿ. ಈ ತಿಂಗಳ ಕೊನೆಗೆ ಮಳಿಗೆಯ ಕರಾರು ಹೊಸದಾಗಬೇಕು. ಇಂದು ಸೋತರೆ ಸಂಗಮನಾಥನಿಗೆ ಇನ್ನೊಂದು ಕರಾರು, ಮರಿಲಿಂಗಮ್ಮನಿಗೆ ಮತ್ತೆ ಬೇವಿನ ಗಿಡ.

ಗಾಡಿ ಓಡಿಸುವ ಹಣಮೇಶ ಅವರಿಗೆ ಡ್ರೈವರೂ ಹೌದು, ಗುಮಾಸ್ತನೂ ಹೌದು, ಯಾರೂ ಕೇಳದ ಸಲಹೆಗಾರನೂ ಹೌದು.

"ಶಹಾಪುರಕ್ಕ ಹೋಗಿಬಿಡೂಣ್ರಿ ಸಾಹೇಬ್ರ. ಅಲ್ಲಿ ನಮ್ಮೋರ ಆಫೀಸಿನಾಗ ನೆಟ್ ಚಲೋ ಅದ."

ಶಾಂತಕುಮಾರರ ತಲೆಯಲ್ಲಿ ಆಗಲೇ ಬೇರೆ ಚಿತ್ರ ಮೂಡಿತ್ತು. ಕಕ್ಷಿದಾರಳ ಗುಡಿಸಲು, ಮಣ್ಣಿನ ಗೋಡೆ, ಅದರ ಮುಂದೆ ಹಿರಿಯ ವಕೀಲರ ಗೌನಿನಲ್ಲಿ ತಾವು. ನ್ಯಾಯಮೂರ್ತಿಗಳ ಕರುಳು ಚುರುಕ್ ಅನ್ನದೆ ಇರುತ್ತದೆಯೇ?

"ಶಹಾಪುರ ಬ್ಯಾಡ. ಮರಿಲಿಂಗಮ್ಮನ ಮನಿಗೇ ಹೊಡಿ. ಅಲ್ಲಿಂದಾನೇ ವಾದ!"

"ಅಲ್ಲಿ ಸಿಗ್ನಲ್ಲು..."

"ಹಣಮೇಶ, ವಾದ ಮಾಡಾವ ನಾನು. ನೀ ಗಾಡಿ ಹೊಡಿ."

ಮರಿಲಿಂಗಮ್ಮನ ಮನೆ ಅವರು ಅಂದುಕೊಂಡಂತೆ ಗುಡಿಸಲೂ ಆಗಿರಲಿಲ್ಲ, ಮಣ್ಣಿನ ಗೋಡೆಯೂ ಇರಲಿಲ್ಲ. ತಿಳಿಹಸಿರು ಬಣ್ಣ ಬಳಿದ ಚೊಕ್ಕ ಮನೆ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಪಕ್ಕದಲ್ಲಿ ಬುದ್ಧ. ಕರೆಂಟು ಮಾತ್ರ ಇರಲಿಲ್ಲ. ಫೋನಿನಲ್ಲಿ ಸಿಗ್ನಲಿನ ಗೆರೆ ಒಂದು ಇತ್ತು, ಅದೂ ಬಂದು ಬಂದು ಹೋಗುತ್ತಿತ್ತು.

"ಅಯ್ಯ ವಕೀಲ್ ಸಾಹೇಬ್ರ, ನೀವು ಬರ್ತೀರಂತ ಗೊತ್ತಿದ್ರ ಹೋಳಿಗಿ ಮಾಡ್ತಿದ್ನಲ್ರಿ," ಎಂದು ಮರಿಲಿಂಗಮ್ಮ ಕಂಗಾಲಾದಳು.

"ಹೋಳಿಗಿ ಆಮ್ಯಾಲ ಬೇ, ಮೊದಲ ಸಿಗ್ನಲ್ಲು!"

ಸಿಗ್ನಲ್ಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪಕ್ಕದ ಮನೆಯಿಂದ ಸಾಬಣ್ಣ ಹಾಜರಾದ. ಲೈನ್‌ಮನ್ ಆಗಿ ನಿವೃತ್ತನಾದವನು. ತಂತಿ ಇರುವ, ಇಲ್ಲದ ಎಲ್ಲ ವಿದ್ಯೆಯೂ ತನಗೆ ಗೊತ್ತೆಂದು ನಂಬಿದವನು.

"ಸಿಗ್ನಲ್ ಯಾವಾಗ್ಲೂ ಮ್ಯಾಲ ಇರ್ತದ್ರಿ. ಮಾಳಗಿ ಏರ್ರಿ."

ಕೊರಳಿಗೆ ಬಿಳಿ ಬ್ಯಾಂಡು ಬಿಗಿದು, ಗೌನು ತೊಟ್ಟು ಹೈಕೋರ್ಟಿನ ಹಿರಿಯ ವಕೀಲರು ಬಿದಿರಿನ ಏಣಿ ಹತ್ತಿದರು. ಮಾಳಿಗೆಯ ತುಂಬ ಮೆಣಸಿನಕಾಯಿ ಒಣಹಾಕಿತ್ತು. ಒಂದು ಗೆರೆ ಎರಡಾಯಿತು. ಅಷ್ಟರಲ್ಲಿ ಗಾಳಿ ಬೀಸಿತು. ವಕೀಲರು ಹನ್ನೆರಡು ಸಲ ಸೀನಿದರು. ಸೀನುವಾಗ ಎರಡು ಗೆರೆಯೂ ಹೋದವು.

"ಹಂಗಾರ ನೀರಿನ ಟಾಕಿ ಏರ್ರಿ," ಎಂದ ಸಾಬಣ್ಣ.

"ನೀ ಏರೋ ಮುದುಕಾ!" ಎಂದು ಕೆಳಗಿನಿಂದ ಬೈದವಳು ಬಳೆ ಮಾರುವ ಚಮನಬೀ. "ಅವರೇನ್ ಪಾರಿವಾಳ ಏನು? ವಕೀಲ್ ಸಾಬ್, ನೀಚೆ ಬರ್ರಿ. ಹಿಂದ ಗ್ವಾಡಿ ಕಂಡ್ರ ಜಡ್ಜ್ ಸಾಬ್‌ಗ ಖರಾಬ್ ಅನ್ನಿಸ್ತದ. ನಾ ಚಾದರ್ ತಂದೀನಿ, ಹೊಸಾದು."

ಚಾದರ ಹೊಸದೇ. ಅದರ ನಡುವೆ ಆಳೆತ್ತರದ ನವಿಲು ಗರಿ ಬಿಚ್ಚಿ ನಿಂತಿತ್ತು.

ಶಾಲೆಗೆ ಓಡಿದರು, ರಜೆ. ಪಂಚಾಯಿತಿ ಕಟ್ಟಡಕ್ಕೆ ಓಡಿದರು, ಬೀಗ. ಮುಂದೆ ಫೋನು ಎತ್ತಿ ಹಿಡಿದ ಸಾಬಣ್ಣ, ಹಿಂದೆ ಗೌನು ಎತ್ತಿ ಹಿಡಿದ ವಕೀಲರು, ಅವರ ಹಿಂದೆ ಮೇಜು ಹೊತ್ತ ಹಣಮೇಶ, ಚಾದರ ಹೊತ್ತ ಚಮನಬೀ, ಕೊನೆಗೆ ಫೈಲು ಎದೆಗವಚಿಕೊಂಡ ಮರಿಲಿಂಗಮ್ಮ. ಯಾರ ಮನೆಯ ಮೆರವಣಿಗೆಯೋ ಎಂದು ಕೇರಿಯವರೂ ಹಿಂದೆ ಬಂದರು.

ಬಸ್‌ಸ್ಟಾಂಡಿನ ಹತ್ತಿರ ಫೋನು ಒಮ್ಮೆಲೇ ಜೀವ ಬಂದಂತೆ ಟಿಂಗ್ ಟಿಂಗ್ ಅಂದಿತು.

"ಫುಲ್ಲ್ ಐತಿ, ಫುಲ್ಲ್!" ಎಂದು ಸಾಬಣ್ಣ ಕುಣಿದ.

ಅದೇ ಕ್ಷಣಕ್ಕೆ ಫೋನಿನೊಳಗಿಂದ ರಾಧಿಕಾ, "ಸರ್, ಈಗಿನ ಕೇಸು ಮುಗೀತಂದ್ರ ನಮ್ದೇ ರಿ! ಎಲ್ಲಿದ್ದೀರಿ?" ಎಂದು ಕಿರುಚಿದಳು.

ಶಾಂತಕುಮಾರರು ತಲೆ ಎತ್ತಿ ನೋಡಿದರು. ನಿಂತದ್ದು ಸಂಗಮನಾಥನ ಹೋಟೆಲಿನ ಬಾಗಿಲಲ್ಲಿ.

ಎರಡು ಹೆಜ್ಜೆ ಹಿಂದೆ ಸರಿದರೆ ಗೆರೆ ಮಾಯ. ಬೇವಿನ ಗಿಡದ ಕೆಳಗೆ ಒಂದೂ ಇಲ್ಲ. ಹೋಟೆಲಿನ ಬೆಂಚಿನ ಮೇಲೆ ನಾಲ್ಕಕ್ಕೆ ನಾಲ್ಕು. ಎಂಥ ಸಂಕಟ ನೋಡಿ! ಯಾರ ವಿರುದ್ಧ ವಾದ ಮಾಡಬೇಕೋ ಅವನ ಬೆಂಚಿನ ಮೇಲೇ ಕೂತು ವಾದ ಮಾಡುವುದೇ?

"ಕುಂಡ್ರ್ರಿ ಸಾಹೇಬ್ರ," ಎಂದಳು ಮರಿಲಿಂಗಮ್ಮ. "ಆ ಗೌನ್ ನೋಡಿದ್ರ ನಿಮಗ್ಯಾರು ಏಳು ಅಂತಾರ? ನಾವು ಹೊರಗ ನಿಂದರ್ತೀವಿ."

ಕೂತರು. ಆ ಗೌನಿನ ಧೈರ್ಯದ ಮೇಲೆ ಸಾಬಣ್ಣ, ಚಮನಬೀ ಒಳಗೆ ಬಂದು ಎರಡು ತುದಿ ಹಿಡಿದು ಬೆನ್ನ ಹಿಂದೆ ಚಾದರ ಎತ್ತಿದರು. ಒಳಗೆ ಕೂತಿದ್ದ ಊರ ಹಿರಿಯರು ಬಾಯಿಗೆ ಒಯ್ದ ತುತ್ತು ಅಲ್ಲೇ ಬಿಟ್ಟರು. ಸಂಗಮನಾಥನಿಗೆ ಇವರು ಎದುರು ಪಾರ್ಟಿಯ ವಕೀಲರೆಂದು ತಿಳಿಯಿತು. ಆದರೆ ಹೊಸಬರು ಯಾರೇ ಬಂದರೂ "ಯಾವ ಊರ್ರಿ, ಯಾರ ಪೈಕಿ?" ಎಂದು ಕೇಳಿಕೊಂಡು ಆಮೇಲೆ ಗ್ಲಾಸೋ ಕಪ್ಪೋ ಎತ್ತುವ ಆ ಮನುಷ್ಯನಿಗೆ, ಆ ಕರಿ ಗೌನು ಬಿಳಿ ಬ್ಯಾಂಡು ಕಂಡು ನಾಲಿಗೆ ಏಳಲಿಲ್ಲ.

ಪರದೆಯ ಮೇಲೆ ಇಬ್ಬರು ನ್ಯಾಯಮೂರ್ತಿಗಳು ಮೂಡಿದರು. ಇನ್ನೊಂದು ಮೂಲೆಯಲ್ಲಿ ಸಂಗಮನಾಥನ ವಕೀಲ ಬಸಲಿಂಗ, ಹದ್ದಿನ ಕಣ್ಣಿನವರು.

"ಹಿರಿಯ ವಕೀಲರೇ, ನೀವು ಎಲ್ಲಿಂದ ಮಾತಾಡುತ್ತಿದ್ದೀರಿ? ಹಿಂದೆ ನವಿಲು ಕಾಣಿಸುತ್ತಿದೆ," ಎಂದರು ಹಿರಿಯ ನ್ಯಾಯಮೂರ್ತಿಗಳು.

"ಕಕ್ಷಿದಾರಳ ಗ್ರಾಮದಿಂದಲೇ, ಮೈ ಲಾರ್ಡ್," ಎಂದರು ಶಾಂತಕುಮಾರರು. ಸುಳ್ಳೇನಲ್ಲ.

ವಾದ ಶುರುವಾಯಿತು. ಮಾತಾಡುವಾಗ ಹೇಗಿದ್ದರೂ ಕೋರ್ಟಿನಲ್ಲಿ ಅವರ ಕನ್ನಡ ಇಸ್ತ್ರಿ ಹಾಕಿಸಿಕೊಂಡು ಬರುತ್ತಿತ್ತು. "ಮೈ ಲಾರ್ಡ್, ಇದು ಒಂದು ಗ್ಲಾಸಿನ ಪ್ರಶ್ನೆಯಲ್ಲ. ಸಂವಿಧಾನ ಅಸ್ಪೃಶ್ಯತೆಯನ್ನು ಅಳಿಸಿದೆ. ಆದರೆ ಸರ್ಕಾರದ ಸ್ವಂತ ಮಳಿಗೆಯಲ್ಲಿ, ಸರ್ಕಾರದ ಸೂರಿನ ಕೆಳಗಿನ ಬೆಂಚಿನ ಮೇಲೆ, ಒಬ್ಬ ತಾಯಿಗೆ ಕೂರುವ ಹಕ್ಕಿಲ್ಲ!" ಹೊರಗೆ ನಿಂತ ಕೇರಿಯವರ ಮೈ ಜುಮ್ಮೆಂದಿತು. ಮರಿಲಿಂಗಮ್ಮನ ಕಣ್ಣು ತುಂಬಿತು. ಆರು ವರ್ಷ ತನ್ನ ಎದೆಯೊಳಗಿದ್ದ ಮಾತನ್ನು ಒಬ್ಬರು ದೊಡ್ಡ ದನಿಯಲ್ಲಿ, ಅದೂ ಆ ಹೋಟೆಲಿನೊಳಗೇ ಕೂತು ಹೇಳುತ್ತಿದ್ದರು.

ಮೆಣಸಿನಕಾಯಿ ಘಾಟು, ಓಡಿದ ದಣಿವು, ಮೇಲೆ ಈ ಆವೇಶ. ಶಾಂತಕುಮಾರರ ಗಂಟಲು ಒಣಗಿ ಕೆಮ್ಮು ಬಂತು. ನಮ್ಮ ಕಡೆ ಹೋಟೆಲಿನಲ್ಲಿ ದೊಡ್ಡವರು ಕೂತು ಕೆಮ್ಮಿದರೆ ಚಹಾ ಹೇಳಬೇಕಾಗಿಲ್ಲ, ತಾನೇ ಬರುತ್ತದೆ. ಸಂಗಮನಾಥನ ಕೈ ಅವನನ್ನು ಕೇಳದೆಯೇ ಕೆಲಸ ಮಾಡಿತು. ಶುಂಠಿ ಜಜ್ಜಿ ಹಾಕಿದ ಖಡಕ್ ಚಹಾ, ಫಳಫಳ ತೊಳೆದ ಗಾಜಿನ ಗ್ಲಾಸು, ಸಪ್ಪಳಿಲ್ಲದೆ ಮೇಜಿನ ಮೇಲೆ ಬಂದು ಕೂತಿತು.

ಶಾಂತಕುಮಾರರು ಪರದೆಯಿಂದ ಕಣ್ಣು ತೆಗೆಯದೆ ಗ್ಲಾಸು ಎತ್ತಿದರು. ಹೊರಗೆ ಮರಿಲಿಂಗಮ್ಮ ಎರಡೂ ಕೈ ಬೀಸಿ "ಬ್ಯಾಡ, ಬ್ಯಾಡ" ಎಂದು ಸನ್ನೆ ಮಾಡಿದಳು. ವಾದ ಮೆಚ್ಚಿ ಕೈ ಬೀಸುತ್ತಿದ್ದಾಳೆಂದು ತಿಳಿದು ಅವರು ಇನ್ನೊಂದು ಗುಟುಕು ಎಳೆದರು.

"ಮೈ ಲಾರ್ಡ್, ಪೇಪರ್ ಕಪ್ಪು ಎಸೆಯಬಹುದು, ಮನುಷ್ಯರನ್ನು ಎಸೆಯಲಾಗದು!"

ಸಾಬಣ್ಣನಿಗೆ ತಡೆಯಲಾಗಲಿಲ್ಲ. "ವಾಹ್ ವಾ!" ಎಂದು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದ. ಚಪ್ಪಾಳೆಗೆ ಎರಡು ಕೈ ಬೇಕಲ್ಲ, ಚಾದರ ಬಿತ್ತು. ನವಿಲು ನೆಲಕ್ಕೊರಗಿ, ಅದರ ಜಾಗದಲ್ಲಿ 'ಸಂಗಮನಾಥ ಹೋಟೆಲ್' ಎಂಬ ಕೆಂಪು ಬೋರ್ಡು, ಸುಸಲ ತಿನ್ನುವ ಹಿರಿಯರು, ಸೋಸುವ ಅರಿವೆ ಹಿಡಿದ ಸಂಗಮನಾಥ, ಎಲ್ಲರೂ ಹೈಕೋರ್ಟಿಗೆ ದರ್ಶನ ಕೊಟ್ಟರು.

ಬಸಲಿಂಗರು ಎದ್ದರು. ಸಂತೋಷಕ್ಕೆ ಅವರ ದನಿ ನಡುಗುತ್ತಿತ್ತು.

"ಮೈ ಲಾರ್ಡ್, ನನಗೆ ಬೇರೆ ವಾದವೇ ಬೇಡ. ಮೇಲ್ಮನವಿದಾರರ ಹಿರಿಯ ವಕೀಲರು ಕೂತದ್ದು ನನ್ನ ಕಕ್ಷಿದಾರನ ಬೆಂಚಿನ ಮೇಲೆ. ಕುಡಿಯುತ್ತಿರುವುದು ನನ್ನ ಕಕ್ಷಿದಾರನ ಚಹಾ. ಅದೂ ಗಾಜಿನ ಗ್ಲಾಸಿನಲ್ಲಿ! ಭೇದ ಎಲ್ಲಿದೆ?"

ಶಾಂತಕುಮಾರರು ಕೈಯಲ್ಲಿದ್ದ ಗ್ಲಾಸನ್ನು ಹಾವು ಕಂಡಂತೆ ನೋಡಿದರು. ಮರಿಲಿಂಗಮ್ಮ ಹಣೆ ಹಣೆ ಬಡಿದುಕೊಂಡಳು. ಆರು ವರ್ಷದ ಕೇಸು ಅರ್ಧ ಗ್ಲಾಸು ಚಹಾದಲ್ಲಿ ಮುಳುಗುವುದರಲ್ಲಿತ್ತು. ನಾಚಿಕೆಯಿಂದ ವಕೀಲರ ಕಿವಿ ಕೆಂಪಾದವು. ಆಮೇಲೆ ಆ ನಾಚಿಕೆಯೇ ಸಿಟ್ಟಾಯಿತು.

"ಮೈ ಲಾರ್ಡ್, ಈ ಚಹಾ ನನಗೆ ಕೊಟ್ಟದ್ದಲ್ಲ, ನನ್ನ ಗೌನಿಗೆ ಕೊಟ್ಟದ್ದು! ನಾನೂ ಅಂಥದೇ ಕೇರಿಯಲ್ಲಿ ಹುಟ್ಟಿದವನು. ಇವತ್ತು ನನ್ನನ್ನು ಯಾರ ಪೈಕಿ ಅಂತ ಕೇಳಲಿಲ್ಲ. ಕೇಳಿದ್ದರೆ ನಾನೂ ಬೇವಿನ ಗಿಡದ ಕೆಳಗೇ ಇರುತ್ತಿದ್ದೆ!"

ಸಂಗಮನಾಥ ವಕೀಲರನ್ನು ನೋಡಿದ, ಗ್ಲಾಸನ್ನು ನೋಡಿದ. ಹಿರಿಯರು ಸಂಗಮನಾಥನನ್ನು ನೋಡಿದರು.

"ಮೇಲ್ಮನವಿದಾರರು ಅಲ್ಲಿದ್ದಾರೆಯೇ?" ಎಂದರು ನ್ಯಾಯಮೂರ್ತಿಗಳು. "ಒಳಗೆ ಕರೆಯಿರಿ. ಹೋಟೆಲಿನವರೂ ಮುಂದೆ ಬರಲಿ. ಏನಪ್ಪಾ, ನಿಮ್ಮಲ್ಲಿ ಭೇದ ಉಂಟೋ?"

"ಇಲ್ರಿ ಮಹಾಸ್ವಾಮಿ, ಭೇದ ಎಲ್ಲಿ ಅದ್ರಿ," ಎಂದು ಸಂಗಮನಾಥ ಫೋನಿಗೇ ಕೈ ಮುಗಿದ.

"ಹಾಗಾದರೆ ಈ ತಾಯಿಗೆ ಒಂದು ಗ್ಲಾಸು ಚಹಾ ಕೊಡಿ. ನಾವು ನೋಡುತ್ತೇವೆ."

ಸಂಗಮನಾಥನ ಗತಿ ಯಾರಿಗೂ ಬೇಡ. ಕೊಟ್ಟರೆ ಹಿರಿಯರ ಮುಂದೆ ಮುಖ ಹೋಯಿತು, ಕೊಡದಿದ್ದರೆ ಮಳಿಗೆಯೇ ಹೋಯಿತು. ಅವನು ಪೇಪರ್ ಕಪ್ಪಿನ ಕಡೆ ಕೈ ಚಾಚಿದ. ಪರದೆಯ ಮೇಲಿನ ಎರಡು ಜೊತೆ ಕನ್ನಡಕಗಳು ಆ ಕೈಯನ್ನೇ ನೋಡುತ್ತಿದ್ದವು. ಕೈ ಅಲ್ಲಿಂದ ಸರಿದು ಗಾಜಿನ ಗ್ಲಾಸಿಗೆ ಹೋಯಿತು.

ಮರಿಲಿಂಗಮ್ಮ ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ಕೂತಳು. ಗ್ಲಾಸು ಎತ್ತಿದಳು. ಊದಿದಳು. ಇನ್ನೊಮ್ಮೆ ಊದಿದಳು. ಹೈಕೋರ್ಟು ಕಾಯುತ್ತಿತ್ತು. ಆಕೆಗೆ ಯಾವ ಅವಸರವೂ ಇರಲಿಲ್ಲ. ಕೊನೆಗೆ ಒಂದು ಗುಟುಕು ಕುಡಿದು, ಗ್ಲಾಸು ಕೆಳಗಿಟ್ಟು ಹೇಳಿದಳು.

"ಸಾಹೇಬ್ರ, ಇಷ್ಟು ಸಪ್ಪನ್ನ ಚಾಕ್ಕ ನಾ ಆರು ವರ್ಷ ಬಡದಾಡಿದ್ನಾ!"

ನ್ಯಾಯಮೂರ್ತಿಗಳು ನಕ್ಕರು. ಬಸಲಿಂಗರೂ ನಗಬೇಕಾಯಿತು. ಕೇರಿಯವರು ಹೋ ಎಂದು ಕೂಗಿದರು. ಚಮನಬೀ ಮರಿಲಿಂಗಮ್ಮನನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

ಕರಾರು ಮುಂದುವರಿಯಬೇಕಾದರೆ ಸಂಗಮನಾಥ ಕೋರ್ಟಿಗೆ ಮಾತು ಕೊಡಬೇಕು, ಆ ಮಾತು ಮೀರಿದ ದಿನ ಮಳಿಗೆ ಖಾಲಿ ಎಂದು ನ್ಯಾಯಮೂರ್ತಿಗಳು ಹೇಳಿದರು. "ಹಿರಿಯ ವಕೀಲರೇ, ಮುಚ್ಚಳಿಕೆಯ ಒಕ್ಕಣೆ ನೀವೇ ಹೇಳಿ. ಇದು ನಿಮ್ಮ ದಿನ."

ಶಾಂತಕುಮಾರರ ಎದೆ ಉಬ್ಬಿ ಕೋಟಿನ ಗುಂಡಿ ಹರಿಯುವಂತಾಯಿತು. ಎದ್ದು ನಿಂತು, ಬೇವಿನ ಗಿಡದವರೆಗೂ ಕೇಳುವಂತೆ ಹೇಳಿದರು. "ಈ ಗ್ರಾಮದ ಸಮಸ್ತ ನಿವಾಸಿಗಳಿಗೂ, ಯಾವ ಭೇದವೂ ಇಲ್ಲದೆ, ಒಂದೇ ಬೆಂಚಿನ ಮೇಲೆ, ಒಂದೇ ಬಗೆಯ ಗ್ಲಾಸಿನಲ್ಲಿ, ಒಂದೇ ಗೌರವದಿಂದ ಚಹಾ ನೀಡತಕ್ಕದ್ದು!"

"ಒಪ್ಪಿಗೆ, ಮೈ ಲಾರ್ಡ್," ಎಂದರು ಬಸಲಿಂಗರು, ತಕ್ಷಣ. ಎದುರಾಳಿ ಅಷ್ಟು ಬೇಗ ಒಪ್ಪಿದರೆ ಅನುಮಾನ ಬರಬೇಕು. ಗೆದ್ದವರಿಗೆ ಬರುವುದಿಲ್ಲ.

ಕೇರಿಯವರು ಒಳಗೆ ನುಗ್ಗಿದರು. ಬೆಂಚುಗಳು ತುಂಬಿದವು. ಹಿರಿಯರಲ್ಲಿ ಇಬ್ಬರು ಎದ್ದು ಹೋದರು, ಉಳಿದವರು ಸುಸಲ ಬಿಟ್ಟು ಹೋಗಲಾರದೆ ಒತ್ತಿಕೊಂಡು ಕೂತರು. ಮರಿಲಿಂಗಮ್ಮ ನಟ್ಟನಡುವೆ ಮಹಾರಾಣಿಯ ಹಾಗೆ ಕೂತು, "ಇನ್ನೊಂದು ಚಾ, ಶುಂಠಿ ಜಾಸ್ತಿ ಹಾಕು" ಎಂದು ಹೇಳುತ್ತಿದ್ದಳು. ಆ ದೃಶ್ಯ ನೋಡಿ ಶಾಂತಕುಮಾರರಿಗೆ ಹೊಟ್ಟೆ ತುಂಬಿತು. ಅಭಿನಂದನೆಯ ಫೋನುಗಳು ಒಂದರ ಮೇಲೊಂದು ಬಂದವು. ಅವುಗಳಿಗೆಲ್ಲ ಹೊಸ್ತಿಲಾಚೆ ನಿಂತೇ ಉತ್ತರ ಕೊಟ್ಟು, ಸೆಕೆಗೆ ಗೌನು, ಕೋಟು ಬಿಚ್ಚಿ ಹಣಮೇಶನ ಕೈಗೆ ಕೊಟ್ಟು ಒಳಗೆ ಹೊರಟರು.

"ಸಂಗಮನಾಥ, ಆಗಿನ ಚಹಾ ನಡುವೇ ಬಿಟ್ಟೆ. ಇನ್ನೊಂದು ಚಹಾ ಕೊಡಪಾ."

ಸಂಗಮನಾಥ ಆಗಷ್ಟೇ ಯಾರೊಡನೆಯೋ ಫೋನಿನಲ್ಲಿ ಮಾತು ಮುಗಿಸಿ, "ಆತ್ರಿ ಬಸಲಿಂಗ ಸಾಹೇಬ್ರ, ತಿಳೀತ್ರಿ" ಎನ್ನುತ್ತಿದ್ದ. ಬಾಗಿಲಿಗೇ ಬಂದು ಬಹಳ ವಿನಯದಿಂದ ಕೈ ಚಾಚಿದ. ಕೈಯಲ್ಲಿ ಪೇಪರ್ ಕಪ್ಪು.

ಶಾಂತಕುಮಾರರು ಕಪ್ಪು ನೋಡಿದರು, ಅವನ ಮುಖ ನೋಡಿದರು.

"ಏನೋ ಇದು? ಈಗ ಕೋರ್ಟಿನಾಗ ಏನಂತ ಮಾತು ಕೊಟ್ಟಿ?"

"ಕೋರ್ಟಿನ ಮಾತು ಮೀರ್ತೀನೇನ್ರಿ ಸಾಹೇಬ್ರ! ಈ ಗ್ರಾಮದ ಸಮಸ್ತ ನಿವಾಸಿಗಳಿಗೆ ಅಂತ ನೀವೇ ಹೇಳೀರಿ. ಅವರಿಗೆಲ್ಲ ಕೊಡಾಕತ್ತೀನಿ, ನೋಡ್ರಿ. ನೀವು ಯಾದಗಿರಿಯವ್ರಿ."

"ಕಾನೂನು ಅನ್ನೋದೊಂದು ಅದ, ಅದು ಎಲ್ಲಾರಿಗೂ ಅದ!"

"ಕಾನೂನು ಮೊದಲಿಂದಾನೂ ಅದಲ್ರಿ. ಅದಿದ್ರೂ ಈ ಯವ್ವಗ ಆರು ವರ್ಷ ಹಿಡೀತು." ಸಂಗಮನಾಥ ದನಿ ತಗ್ಗಿಸಿದ. "ಯಾರ ಪೈಕಿ ಅಂತ ನಾ ಕೇಳಿದ್ದಿಲ್ರಿ. ನೀವಾಗೇ ಹೇಳಿಬಿಟ್ರಿ, ಹಿರೇರ ಮುಂದ. ನಾ ಏನ್ ಮಾಡ್ಲಿ?"

"ಏ ಸಂಗಮನಾಥ," ಎಂದು ಒಳಗಿನಿಂದ ಮರಿಲಿಂಗಮ್ಮ ಗದರಿದಳು. "ಅವರು ನಮ್ಮ ಮನಿಗಿ ಬಂದ ಬೀಗರೋ! ಒಳಗ ಬಿಡು."

"ಬೀಗರು ಊರ ನಿವಾಸಿ ಆಗಾಂಗಿಲ್ಲಬೇ."

ಶಾಂತಕುಮಾರರಿಗೆ ಮೈಯೆಲ್ಲ ಉರಿದುಹೋಯಿತು. ಮುಚ್ಚಳಿಕೆ ಇವರದೇ ಒಕ್ಕಣೆ, ಅದರೊಳಗೆ ಇವರಿಗೇ ಜಾಗವಿಲ್ಲ. ಕೈ ಸುಡುತ್ತಿದ್ದ ಪೇಪರ್ ಕಪ್ಪು ಹಿಡಿದುಕೊಂಡೇ ಬೇವಿನ ಗಿಡದ ಕೆಳಗೆ ಹೋದರು. ಅಲ್ಲಿ ಸಿಗ್ನಲಿರಲಿಲ್ಲ. ಮತ್ತೆ ಹೋಟೆಲಿನ ಬಾಗಿಲಿಗೆ ಬಂದು, ಹೊಸ್ತಿಲಿನಾಚೆ ನಿಂತು ಫೋನು ಹಚ್ಚಿದರು.

"ರಾಧಿಕಾ, ಹೊಸ ರಿಟ್ ಅರ್ಜಿ ಟೈಪ್ ಮಾಡಾಕ ಶುರು ಮಾಡು. ಇವತ್ತೇ!"

"ಯಾವ ವಿಷಯದ್ದರಿ ಸರ್?"

"ಅದೇ ಹೋಟೆಲು, ಅದೇ ಗ್ಲಾಸು."

"ಅರ್ಜಿದಾರರ ಹೆಸರೇನಂತ ಹಾಕ್ಲಿರಿ?"

ಶಾಂತಕುಮಾರರು ಗಂಟಲು ಸರಿಮಾಡಿಕೊಂಡು ತಮ್ಮ ಹೆಸರನ್ನೇ ಹೇಳಿದರು. "ವಾದ ಮಾತ್ರ ಈ ಸಲ ನೀನೇ ಮಾಡವಾ," ಎಂದು ಸೇರಿಸಿದರು.

ಒಳಗೆ ಬೆಂಚಿನ ಮೇಲೆ ಕೂತ ಮರಿಲಿಂಗಮ್ಮ ಗಾಜಿನ ಗ್ಲಾಸು ಕೆಳಗಿಟ್ಟು, ಅವರನ್ನು ಮರುಕದಿಂದ ನೋಡಿದಳು.

"ಹೆದರಬ್ಯಾಡ್ರಿ ವಕೀಲ್ ಸಾಹೇಬ್ರ," ಎಂದಳು. "ಸಾಕ್ಷಿ ನಾ ಹೇಳ್ತೀನಿ. ಆರು ವರ್ಷ ಹಾಂಗ ಹೋಗಿಬಿಡ್ತಾವ."